ಅಜ್ಜಿಯದೆಂದು ಮಾರಿದ ಟಬ್

ಜಾಹೀರಾತನ್ನು ನಾನೇ ಬರೆದೆ. ಮನೆಯಲ್ಲಿ ತಪ್ಪಿಲ್ಲದೆ ಬರೆಯುವವಳು ನೀನೊಬ್ಬಳೇ ಎಂದು ಅವ್ವ ಆ ಕೆಲಸವನ್ನು ನನಗೆ ಒಪ್ಪಿಸಿದ್ದಳು. "ಬಳಸಿದ ಬಿಸಿನೀರಿನ ಟಬ್ ಮಾರಾಟಕ್ಕಿದೆ. ನಾಲ್ಕು ಜನ ಕೂರಬಹುದು. ನೀರು ಕಾಯಿಸುವ ಹೀಟರ್ ಮತ್ತು ನೀರು ಚಿಮ್ಮಿಸುವ ಮೋಟರ್ ಸುಸ್ಥಿತಿಯಲ್ಲಿವೆ. ಮನೆಯ ಹಿರಿಯರೊಬ್ಬರು ಮಾತ್ರ ಬಳಸಿದ್ದಾರೆ. ಸುರಪುರದ ರಂಗಂಪೇಟೆಯಲ್ಲಿ ಬಂದು ನೋಡಬಹುದು." ಫೋಟೊ ಸಮೇತ ಅದನ್ನು ಊರಿನ ಎರಡು ಮೂರು ವಾಟ್ಸಾಪ್ ಗುಂಪುಗಳಿಗೆ ಹಾಕಿದೆ. ಅದರಲ್ಲಿ ಒಂದು ವಾಕ್ಯ ಸುಳ್ಳು. ಟಬ್ಬನ್ನು ಬಳಸಿದವಳು ನಾನು.

ನನಗೆ ಸಂಧಿವಾತವಿದೆ. ಇದನ್ನು ಹೀಗೆ ನೇರವಾಗಿ ಬರೆಯುತ್ತಿರುವುದು ಇದೇ ಮೊದಲು. ಈಗ ಯಾಕೆ ಬರೆಯಲು ಸಾಧ್ಯವಾಗಿದೆ ಎಂಬುದು ಕೊನೆಯ ಹೊತ್ತಿಗೆ ತಿಳಿಯುತ್ತದೆ.

ಕಲಬುರಗಿಯಲ್ಲಿ ರಸಾಯನಶಾಸ್ತ್ರದ ಎಂ.ಎಸ್ಸಿ. ಓದುತ್ತಿದ್ದಾಗ ಒಂದು ಬೆಳಿಗ್ಗೆ ಹಾಸ್ಟೆಲ್ಲಿನ ನಲ್ಲಿಯ ಮುಂದೆ ನಿಂತು ಪೇಸ್ಟಿನ ಮುಚ್ಚಳ ತಿರುಗಿಸಲು ಹೋದೆ. ಬೆರಳು ಮಡಚಲಿಲ್ಲ. ಅಲ್ಲಿಂದ ಶುರುವಾಯಿತು. ಮುದುಕರಿಗೆ ಮಾತ್ರ ಬರುವಂಥದ್ದಲ್ಲ, ಹರೆಯದವರಿಗೂ ಬರುತ್ತದೆ, ಮೈಯೇ ತನ್ನ ಕೀಲುಗಳನ್ನು ಪರಕೀಯ ಎಂದು ತಿಳಿದುಕೊಂಡು ಕಚ್ಚುತ್ತದೆ ಎಂದು ಡಾಕ್ಟರ್ ಹೇಳಿದರು. ಮಧ್ಯಾಹ್ನದ ಹೊತ್ತಿಗೆ ನನ್ನನ್ನು ನೋಡಿದವರಿಗೆ ಏನೂ ಗೊತ್ತಾಗುವುದಿಲ್ಲ. ನಡೆಯುತ್ತೇನೆ, ಬೋರ್ಡಿನ ಮೇಲೆ ಬರೆಯುತ್ತೇನೆ, ಮೆಟ್ಟಿಲು ಹತ್ತುತ್ತೇನೆ. ಕಷ್ಟವೆಲ್ಲ ಬೆಳಗಿನದು. ಮಲಗಿದಾಗ ಯಾರೋ ಕೀಲುಗಳಿಗೆ ಗಾರೆ ತುಂಬಿ ಒಣಗಲು ಬಿಟ್ಟುಹೋದಂತೆ ಎದ್ದಾಗ ಮೊಣಕಾಲು, ಸೊಂಟ, ಬೆರಳು ಬಿಗಿದಿರುತ್ತವೆ. ಮಾತ್ರೆ ತನ್ನ ಪಾಲಿನದನ್ನು ಮಾಡುತ್ತದೆ. ಉಳಿದದ್ದನ್ನು ಮಾಡುವುದು ಬಿಸಿನೀರು, ಅದೂ ಕುತ್ತಿಗೆಯವರೆಗೆ ಮುಳುಗಿ ಕೂತರೆ ಮಾತ್ರ.

ಈ ವಿಷಯ ಮನೆಯಿಂದ ಹೊರಗೆ ಯಾರಿಗೂ ಗೊತ್ತಿರಲಿಲ್ಲ. ಗೊತ್ತಾಗಬಾರದೆಂದು ಕೇಳಿಕೊಂಡವಳು ನಾನೇ. ಕಾಯಿಲೆ ನಾಚಿಕೆಯ ವಿಷಯವೆಂದಲ್ಲ. ಅದು ಗೊತ್ತಾದ ಕೂಡಲೇ ಜನರ ದನಿ ಬದಲಾಗುತ್ತದೆ. ನನ್ನ ಜೊತೆ ಮಾತಾಡುವುದು ಬಿಟ್ಟು ನನ್ನ ಮೊಣಕಾಲಿನ ಜೊತೆ ಮಾತಾಡುತ್ತಾರೆ. ಹೊರಗಿನವರು ಆರಾಮಾ ಎಂದು ಕೇಳಿದರೆ ನನ್ನದು ಒಂದೇ ಉತ್ತರ: "ಚಲೋ ಅದೀನ್ರಿ."

ಟಬ್ ತಂದವನು ಅಪ್ಪ. ಅವನು ವೈರಿಂಗ್ ಕೆಲಸ ಮಾಡುತ್ತಾನೆ. ಕಡೇಚೂರಿನ ಕಾರ್ಖಾನೆಯೊಂದರ ಗೆಸ್ಟ್ ಹೌಸ್ ಮುಚ್ಚುವಾಗ ಅಲ್ಲಿಯ ಸಾಮಾನು ಬಿಚ್ಚಲು ಅವನನ್ನು ಕರೆದಿದ್ದರು. ಮಂಚ, ಕುರ್ಚಿ, ಎ.ಸಿ. ಎಲ್ಲಕ್ಕೂ ಗಿರಾಕಿ ಸಿಕ್ಕರು. ಹೊರದೇಶದ ಎಂಜಿನಿಯರುಗಳಿಗೆಂದು ತರಿಸಿದ್ದ ಈ ಟಬ್ಬನ್ನು ಯಾರೂ ಕೇಳಲಿಲ್ಲ. ಬೇಕಾದರೆ ಒಯ್ಯಿ ಎಂದರಂತೆ. ಅಪ್ಪ ಅದನ್ನು ಟೆಂಪೊದಲ್ಲಿ ಹತ್ತಿಯ ಚೀಲಗಳ ನಡುವೆ ಮಲಗಿಸಿಕೊಂಡು ಬಂದ. ಹಿಂದಿನ ಕೋಣೆಯ ಬಾಗಿಲ ಚೌಕಟ್ಟನ್ನೇ ಕಿತ್ತು ಒಳಗೆ ಸೇರಿಸಿದ. ಭಾನುವಾರಗಳೆಲ್ಲ ಅದರ ಹೊಟ್ಟೆಯೊಳಗೆ ತಲೆ ಹಾಕಿ ಕೂತ. ಒಂದು ಸಂಜೆ ನೀರು ಗುಳುಗುಳು ಎಂದಿತು.

ಆಗ ಅಜ್ಜಿ ಇದ್ದಳು. ಆಯುಷ್ಯವಿಡೀ ಬಚ್ಚಲಿನ ಕಲ್ಲಿನ ಮೇಲೆ ಕೂತು ತಾಮ್ರದ ಚರಿಗೆಯಿಂದ ನೀರು ಹೊಯ್ದುಕೊಂಡವಳು. ಹೊಯ್ದ ನೀರು ಮೈಯಿಂದ ಹರಿದು ಹೋಗಬೇಕು, ನಾವು ಕೂತ ನೀರಲ್ಲೇ ನಾವು ಇರಬಾರದು ಎಂಬುದು ಅವಳ ಶಾಸ್ತ್ರ. ಬಾಗಿಲಲ್ಲಿ ನಿಂತು ನನ್ನನ್ನು ನೋಡಿ, "ಎಮ್ಮಿ ಹೊಂಡಕ್ಕ ಇಳ್ದಂಗ ಇಳಿದಿಯಲ್ಲೇ ಯವ್ವಾ," ಎಂದಳು. ಆಮೇಲೆ ನಾನು ಎದ್ದು, ಏನನ್ನೂ ಹಿಡಿಯದೆ ಅವಳ ಮುಂದೆ ನಡೆದು ಹೋದಾಗ ಸುಮ್ಮನಾದಳು. ಮರುದಿನದಿಂದ ಆ ಶಾಸ್ತ್ರದ ಮಾತು ಎತ್ತಲಿಲ್ಲ.

ಆ ಟಬ್ಬಿನಿಂದಾಗಿ ನನಗೆ ಕೆಲಸ ಸಾಧ್ಯವಾಯಿತು. ಶಹಾಪುರದ ಕಾಲೇಜೊಂದರಲ್ಲಿ ಅತಿಥಿ ಉಪನ್ಯಾಸಕಿಯಾಗಿ ಸೇರಿದೆ. ಮೊದಲ ಪಿರಿಯಡ್ ನನ್ನದು, ಅದಕ್ಕೆ ಬೆಳಗಿನ ಬಸ್ಸು ಹಿಡಿಯಬೇಕು. ನಮ್ಮ ಕಡೆಯ ಬಸ್ಸಿನ ಮೊದಲ ಮೆಟ್ಟಿಲು ಎಷ್ಟು ಎತ್ತರ ಎಂಬುದು ಮೊಣಕಾಲು ನೆಟ್ಟಗಿದ್ದವರಿಗೆ ತಿಳಿಯುವುದಿಲ್ಲ. ಅವ್ವ ನನಗಿಂತ ಮೊದಲೇ ಎದ್ದು ಸ್ವಿಚ್ ಹಾಕಿರುತ್ತಿದ್ದಳು. ನಾನು ನೀರಿಗೆ ಇಳಿದ ಮೇಲೆ ಚಹಾ ತಂದು, ಟಬ್ಬಿನ ಪಕ್ಕದ ಕಟ್ಟೆಯ ಮೇಲೆ ಕೂತು ಕೇಳುತ್ತಿದ್ದಳು, "ಇವತ್ತ ಹ್ಯಾಂಗದ?" ಅವಳಿಗೆ ಮಾತ್ರ ನಾನು ಇದ್ದದ್ದನ್ನು ಇದ್ದಂತೆ ಹೇಳುತ್ತಿದ್ದೆ. ಬಲಗೈ ಮುಷ್ಟಿ ಆಗುತ್ತಿಲ್ಲ. ಎಡ ಮೊಣಕಾಲಲ್ಲಿ ನೀರು ತುಂಬಿದಂತಿದೆ. ಇವತ್ತು ಅಳು ಬಂತು. ಅವ್ವ ಹೆಚ್ಚು ಮಾತಾಡುತ್ತಿರಲಿಲ್ಲ. ಕೇಳಿಸಿಕೊಂಡು ಲೋಟ ತೆಗೆದುಕೊಂಡು ಹೋಗುತ್ತಿದ್ದಳು. ನಮ್ಮ ಬೋರಿನ ನೀರು ಸವಳು. ಹೀಟರಿನ ಕೊಳವೆಗೆ ಸುಣ್ಣ ಕಟ್ಟುತ್ತದೆ. ಓದಿದ್ದು ಅಷ್ಟಕ್ಕಾದರೂ ಬಂತಲ್ಲ ಎಂದುಕೊಂಡು ಆಗಾಗ ಲಿಂಬು ಉಪ್ಪು, ಅಂದರೆ ಸಿಟ್ರಿಕ್ ಆಮ್ಲ, ಹಾಕಿ ನಾನೇ ತೊಳೆಯುತ್ತಿದ್ದೆ. ಆ ಯಂತ್ರದ ಸ್ವಭಾವ ಅಪ್ಪನಿಗಿಂತ ನನಗೆ ಚೆನ್ನಾಗಿ ತಿಳಿದಿತ್ತು. ಮೇಲಿನ ತೂತುಗಳು ಮುಳುಗುವವರೆಗೆ ನೀರು ತುಂಬದೆ ಚಾಲೂ ಮಾಡಿದರೆ ಅದು ಮುನಿಸಿಕೊಂಡು ನಿಂತುಬಿಡುತ್ತಿತ್ತು.

ಸಂಕ್ರಾಂತಿ ಕಳೆದ ಮೇಲೆ ತಂಗಿಯ ಸಂಬಂಧ ಗಟ್ಟಿಯಾಯಿತು. ಹುಡುಗ ಯಾದಗಿರಿಯವನು. ತಂಗಿಯದು ಮೊದಲು ಆಗಲಿ ಎಂದು ನಾನು ಹಿಂದೆಯೇ ಹೇಳಿದ್ದೆ. ಅದರಲ್ಲಿ ನನಗೆ ಯಾವ ಬೇಸರವೂ ಇರಲಿಲ್ಲ. ಒಂದು ಬೆಳಿಗ್ಗೆ ಅವ್ವ ಚಹಾ ಕೊಟ್ಟು, ಹ್ಯಾಂಗದ ಎಂದು ಕೇಳುವ ಬದಲು ಹೇಳಿದಳು:

"ಅವರು ಮನಿ ನೋಡಾಕ ಬರ್ತಾರಂತ."

"ಬರ್ಲಿ."

"ಮನಿ ತುಂಬಾ ತಿರಗಾಡ್ತಾರ. ಇದನ್ನ ನೋಡಿ ಇದೇನು, ಯಾರಿಗಿ ಅಂತ ಕೇಳ್ತಾರ. ಏನ್ ಹೇಳ್ಲಿ?"

ನಾನು ಚಹಾದ ಲೋಟವನ್ನು ಕಟ್ಟೆಯ ಮೇಲೆ ಇಟ್ಟೆ.

"ಇಷ್ಟ ವರ್ಷ ನಿಂದು ಹೊರಗ ಬೀಳ್ದಂಗ ನೋಡ್ಕೊಂಡೀನಿ. ಒಂದ್ ನರಪಿಳ್ಳಿಗೂ ಹೇಳಿಲ್ಲ. ಈಗ ಆ ಮನಿ ಹೆಣ್ಮಕ್ಕಳ ಬಾಯಿಗಿ ಬಿದ್ರ ಯಾದಗಿರಿ ತುಂಬಾ ಆಗ್ತದ. ನಿನಗ ಸೇರಂಗಿಲ್ಲ ಅಂತ ನನಗ ಗೊತ್ತದ. ಮಾರಿಬಿಡೋಣು. ಸಣ್ಣಾಕಿದು ಮುಗೀಲಿ, ಅಪ್ಪ ಬ್ಯಾರೇದು ಏನರ ಮಾಡಿ ಕೊಡ್ತಾನ."

ನಾನು ನೀರೊಳಗೆ ಕೂತಿದ್ದೆ. ಬೆರಳುಗಳು ಆಗಷ್ಟೇ ಬಿಚ್ಚಿಕೊಳ್ಳುತ್ತಿದ್ದವು. ನನಗಾಗಿ ಅವಳು ಇದನ್ನು ಯೋಚಿಸಿದ್ದಾಳೆ ಎನ್ನಿಸಿತು. ಬೆಳಗಿನ ಎರಡು ಗಂಟೆ ಕಷ್ಟವಾದರೆ ಆಗಲಿ, ನನ್ನದು ನನ್ನಲ್ಲೇ ಉಳಿಯಲಿ ಎಂದು ಒಪ್ಪಿಕೊಂಡೆ. ಕೊಳ್ಳುವವರಿಗೆ ಯಾರದೆಂದು ಹೇಳುವುದು ಎಂದು ನಾನು ಕೇಳಿದಾಗ ತಂಗಿಯೇ ಉಪಾಯ ಹೇಳಿದಳು. ಅಜ್ಜಿಯದು ಎಂದರೆ ಆಯಿತು. ಅಜ್ಜಿ ತೀರಿಕೊಂಡಿದ್ದಾಳೆ, ಬಂದು ಇಲ್ಲ ಎನ್ನುವುದಿಲ್ಲ.

ಕರೆಗಳು ಬರತೊಡಗಿದವು. ಮೊದಲನೆಯದು ಕೊಡೇಕಲ್ ಕಡೆಯ ಹೊಳೆದಂಡೆಯ ಮೀನು ವ್ಯಾಪಾರಿಯದು.

"ನೀರಾಗ ಗಾಳಿ ಬಿಡ್ತದೇನ್ರೀ ಅದು?"

"ಬಿಡ್ತದ್ರಿ."

"ದಿನಾಲೂ ಬಿಡ್ತದ?"

"ಕರೆಂಟ್ ಇದ್ರ ಬಿಡ್ತದ್ರಿ."

"ಹಂಗಾದ್ರ ಮೀನ ಸಂಜಿತನಕ ಜೀವಂತ ಇರ್ತಾವ. ನನಗ ಬೇಕು ನೋಡ್ರಿ."

"ಹೀಟರ್ ಮಾತ್ರ ಹಚ್ಚಬ್ಯಾಡ್ರಿ," ಎಂದೆ.

"ಹಚ್ಚಿದ್ರ ಅಲ್ಲೇ ಸಾರ ಆಗ್ತದ ಬಿಡ್ರಿ ಯಕ್ಕಾ, ಮಸಾಲಿ ಒಂದ್ ಹಾಕೂದು," ಎಂದು ಅವನು ನಕ್ಕ. ನಾನೂ ನಕ್ಕೆ. ಅವನಿಗೆ ಕೊಡಬೇಕೆಂದು ನನಗೆ ಮನಸ್ಸಾಗಿತ್ತು. ಯಂತ್ರ ಏನು ಮಾಡುತ್ತದೆ ಎಂದು ಕೇಳಿದವನು ಅವನೊಬ್ಬನೇ. ಅವ್ವ ಒಪ್ಪಲಿಲ್ಲ. ಮದುವೆಯ ಮನೆಯಿಂದ ಹೋದ ಸಾಮಾನು ಮೀನಿಗಾಗುವುದು ಸರಿಯಲ್ಲವಂತೆ.

ಕಡೇಚೂರಿನಿಂದ ಕೂಲಿಕಾರರ ಗುತ್ತಿಗೆದಾರನೊಬ್ಬ ಫೋನ್ ಮಾಡಿದ. "ನಾಕ ಮಂದಿ ಕೂಡಬೌದು ಅಂತ ಬರ್ದೀರಿ. ನಿಂತ್ರ ಎಷ್ಟ ಮಂದಿ ಹಿಡಿತಾರ್ರಿ?" ಅದಕ್ಕೂ ಅವ್ವ ಬೇಡವೆಂದಳು. ಇನ್ನೊಬ್ಬರು ತಮ್ಮ ತಂದೆಗೆ ಕೇಳಿದರು, ಮಂಡಿನೋವಂತೆ. ಅವರಿಗೇ ಕೊಡೋಣ ಎಂದು ಅವ್ವನನ್ನು ಒತ್ತಾಯಿಸಿದೆ. "ನೋಡೋಣು ತಡಿ," ಎಂದಳು. ಯಾವುದಕ್ಕಾಗಿ ತಡೆಯುವುದು ಎಂದು ನನಗೆ ತಿಳಿಯಲಿಲ್ಲ.

ಆ ವಾರದ ಕೊನೆಗೆ ಶಹಾಪುರ ರಸ್ತೆಯ ಫಂಕ್ಷನ್ ಹಾಲಿನ ಮಾಲೀಕರು ಬಂದರು. ಮೊದಲು ಶಾಮಿಯಾನಾ, ಪಾತ್ರೆ ಬಾಡಿಗೆಗೆ ಕೊಡುತ್ತಿದ್ದವರು. ಅಪ್ಪನಿಗೆ ಹಳೆಯ ಪರಿಚಯ. ಮನೆಯಲ್ಲಿ ದಖನಿ ಉರ್ದು ಆಡುವ ಜನ, ನಮ್ಮೊಂದಿಗೆ ನಮ್ಮಂತೆಯೇ ಕನ್ನಡ. ಈಗಿನ ಮದುವೆಗಳಲ್ಲಿ ಅರಿಸಿಣದ ದಿನ ಮದುಮಗಳನ್ನು ಹೂವಿನ ನೀರಲ್ಲಿ ಕೂರಿಸಿ ಫೋಟೊ ತೆಗೆಸಿಕೊಳ್ಳುವ ಹುಚ್ಚು ಬಂದಿದೆ, ಜನ ಪ್ಲಾಸ್ಟಿಕ್ಕಿನದನ್ನು ತಂದು ಹರಿದು ಹಾಕುತ್ತಾರೆ, ಇದು ಗಟ್ಟಿಯದು ಎಂದರು.

"ಯಾರು ಯೂಸ್ ಮಾಡ್ತಿದ್ರು ಅಕ್ಕಾ ಇದು?" ಎಂದು ಅವ್ವನನ್ನು ಕೇಳಿದರು.

"ನಮ್ಮತ್ತಿ," ಎಂದಳು ಅವ್ವ, ಅಜ್ಜಿಯ ಫೋಟೊದ ಕಡೆ ಕೈ ತೋರಿಸಿ. ಅವರು ಫೋಟೊ ನೋಡಿ ತಲೆಬಾಗಿದರು.

ಒಂದು ಸಂಗತಿ ನನಗೆ ಆಗಲೇ ಕಂಡಿತ್ತು. ಅವರು ಟಬ್ಬನ್ನು ಅಳೆಯಲಿಲ್ಲ. ಚೌಕಟ್ಟು ಕೀಳುವ ಸಾಮಾನು ಹಿಡಿದುಕೊಂಡೇ ಅವರ ಆಳುಗಳು ಬಂದಿದ್ದರು. ಅನುಭವಸ್ಥರು, ನೋಡಿದರೇ ತಿಳಿಯುತ್ತದೆ ಎಂದುಕೊಂಡೆ. ಅಪ್ಪ ವೈರು ಬಿಚ್ಚಿದ. ಬಿಚ್ಚುವಾಗ ನನ್ನ ಕಡೆ ತಿರುಗಲಿಲ್ಲ. ಟಬ್ಬಿದ್ದ ಜಾಗದಲ್ಲಿ ನೆಲದ ಮೇಲೆ ಬಿಳಿಯ ಸುಣ್ಣದ ಗೆರೆ ಉಳಿಯಿತು, ಯಾರೋ ರಂಗೋಲಿ ಹಾಕಲು ಹೋಗಿ ಬಿಟ್ಟಂತೆ.

ಬೀಗರು ಮನೆ ನೋಡಲು ಬಂದಾಗ ಹುಡುಗನ ಅತ್ತೆಯೊಬ್ಬರು, ತಂದೆಯ ಅಕ್ಕ, ಎಲ್ಲದರಲ್ಲೂ ಮುಂದಿದ್ದರು. ದಪ್ಪ ದನಿ, ದೊಡ್ಡ ನಗು. ನಾನು ಚಹಾದ ತಟ್ಟೆ ತಂದಾಗ ಎದ್ದು ಬಂದು ಅದನ್ನು ನನ್ನ ಕೈಯಿಂದ ತೆಗೆದುಕೊಂಡು, "ನೀ ಕೂಡವ್ವಾ, ನೀ ಯಾಕ ನಿಂತೀ," ಎಂದು ತಮ್ಮ ಪಕ್ಕದಲ್ಲೇ ಕೂರಿಸಿಕೊಂಡರು. ತಂಗಿಗೆ ಒಳ್ಳೆಯ ಮನೆ ಸಿಕ್ಕಿತು ಎಂದು ನನಗೆ ಸಂತೋಷವಾಯಿತು. ಹಿಂದಿನ ಕೋಣೆಗೆ ಅವರು ಯಾರೂ ಹೋಗಲೇ ಇಲ್ಲ.

ಟಬ್ ಹೋದ ಮೇಲಿನ ಬೆಳಗುಗಳನ್ನು ವಿವರಿಸಿ ಬರೆಯುವುದಿಲ್ಲ. ಅವ್ವ ಬಕೆಟ್ಟಿನಲ್ಲಿ ನೀರು ಕಾಯಿಸಿ ಕೊಡುತ್ತಿದ್ದಳು, ಬಟ್ಟೆ ಅದ್ದಿ ಮೊಣಕಾಲಿಗೆ ಹಾಕುತ್ತಿದ್ದಳು. ಒಂದು ಕೀಲು ಬಿಸಿಯಾಗುವಷ್ಟರಲ್ಲಿ ಇನ್ನೊಂದು ತಣ್ಣಗಾಗುತ್ತಿತ್ತು. ಬೆಳಗಿನ ಬಸ್ಸು ತಪ್ಪತೊಡಗಿತು. ಪ್ರಿನ್ಸಿಪಾಲರು ಎರಡು ಸಲ ಸುಮ್ಮನಿದ್ದು ಮೂರನೆಯ ಸಲ, "ಮೇಡಂ, ಮನೀಲಿ ಮದುವಿ ಇರಬೌದು, ಹುಡುಗರಿಗಿ ಪರೀಕ್ಷಾನೂ ಅದಲ್ಲ," ಎಂದರು. ನಿಜವಾದ ಕಾರಣ ಹೇಳಿದ್ದರೆ ಬಹುಶಃ ಅರ್ಥ ಮಾಡಿಕೊಳ್ಳುತ್ತಿದ್ದರು. ಹೇಳಲಿಲ್ಲ. ಟಬ್ ಮಾರಿದ್ದೇ ಹೇಳದೆ ಇರುವುದಕ್ಕಾಗಿ. ಈಗ ಹೇಳಿದರೆ ಮಾರಿದ್ದಕ್ಕೆ ಅರ್ಥವೇನು? ಮೊದಲ ಪಿರಿಯಡನ್ನು ಬೇರೆಯವರಿಗೆ ಕೊಟ್ಟರು. ಮುಂದಿನ ವರ್ಷ ನನ್ನನ್ನು ಕರೆಯುತ್ತಾರೋ ಇಲ್ಲವೋ ಎಂಬ ಮಾತು ಸ್ಟಾಫ್ ರೂಮಿನಲ್ಲಿ ನನ್ನ ಬೆನ್ನ ಹಿಂದೆ ಓಡಾಡತೊಡಗಿತು.

ಮದುವೆ ಅದೇ ಫಂಕ್ಷನ್ ಹಾಲಿನಲ್ಲಿ. ಆ ಲಗ್ನದ ದಿನಗಳಲ್ಲಿ ಸುತ್ತ ಮುತ್ತ ಎಲ್ಲೂ ಫಂಕ್ಷನ್ ಹಾಲ್ ಸಿಗುತ್ತಿರಲಿಲ್ಲ. ನಮ್ಮ ದಿನಕ್ಕೆ ಅದು ಖಾಲಿ ಇತ್ತು ಎಂದು ಅವ್ವ ಹೇಳಿದ್ದಳು. ಲಗ್ನದ ಹಿಂದಿನ ದಿನ ಮಧ್ಯಾಹ್ನ ಸುರಗಿ. ನಮ್ಮಲ್ಲಿ ಸುರಗಿ ಎಂದರೆ ನಾಲ್ಕು ಮೂಲೆಗೆ ನಾಲ್ಕು ತಂಬಿಗೆ ಇಟ್ಟು, ಅವುಗಳ ಸುತ್ತ ನೂಲು ಸುತ್ತಿ, ಒಳಗೆ ಮದುಮಗಳನ್ನೂ ತಾಯಿಯನ್ನೂ ಮಣೆಯ ಮೇಲೆ ಕೂರಿಸಿ, ಎಣ್ಣೆ ಅರಿಸಿಣ ಹಚ್ಚಿ ಮುತ್ತೈದೆಯರು ನೀರು ಹಾಕುವುದು. ಜೊತೆಗೆ ಮದುವೆಯಾಗದ ಹುಡುಗಿಯೊಬ್ಬಳು ಕೂರುವುದೂ ಉಂಟು. ಹಾಲ್‌ನ ಹಿತ್ತಲಲ್ಲಿ ಈ ಸಲ ಮಣೆ ಇರಲಿಲ್ಲ. ನನ್ನ ಟಬ್ ಇತ್ತು. ಸುತ್ತ ಬಾಳೆಕಂದು, ಚೆಂಡುಹೂವು. ನಾಲ್ಕು ಮೂಲೆಗೆ ತಂಬಿಗೆ, ಅವುಗಳಿಗೆ ನೂಲು. ಮುದುಕಿಯೊಬ್ಬಳು, "ನೀರ ಹರ್ದ ಹೋಗ್ಬೇಕು, ನಿಂದ್ರಬಾರ್ದು," ಎಂದು ಗೊಣಗಿದಳು. ಫೋಟೊದವನು ಅವಳನ್ನು ಚೌಕಟ್ಟಿನಿಂದ ಆಚೆ ಸರಿಯಲು ಹೇಳಿದ.

ಯಂತ್ರ ಚಾಲೂ ಆಗುತ್ತಿರಲಿಲ್ಲ. ಕಾಯಿಸಿ ಹೊಯ್ದ ನೀರು ಅರ್ಧಕ್ಕೇ ನಿಂತಿತ್ತು. "ಅಕ್ಕಾ, ನೀನ ಬಂದು ಹಚ್ಚಿಕೊಡು, ಯಾರಿಗೂ ತಿಳಿವಲ್ದು," ಎಂದು ತಂಗಿ ಕರೆದಳು. ಮಂಡಿಯೂರಲು ನನಗೆ ಸಮಯ ಹಿಡಿಯುತ್ತದೆ. ಒಂದು ಕೈ ಟಬ್ಬಿನ ಅಂಚಿಗೆ ಕೊಟ್ಟು ಮೆಲ್ಲಗೆ ಕೂತು, ಮೇಲಿನ ತೂತು ಮುಳುಗುವವರೆಗೆ ಬಿಸಿನೀರು ಬಿಡಲು ಮಾಲೀಕರಿಗೆ ಹೇಳಿದೆ.

"ಅರೆ, ಹೌದಲ್ಲ ಬೇಟಾ," ಎಂದು ಅವರು ಹಣೆ ತಟ್ಟಿಕೊಂಡರು. "ದಸರಾದಾಗ ನಾ ನೋಡಾಕ ಬಂದಾಗೇ ನಿಮ್ಮ ಅಪ್ಪಾ ಎಲ್ಲಾ ಹೇಳಿಕೊಟ್ಟಿದ್ರು. ನಾನೇ ಮರ್ತೆ."

"ದಸರಾದಾಗ?"

"ಅವಾಗೇ ಮಾತಾಗಿತ್ತಲ್ಲ. ಸಂಬಂಧ ಎಲ್ಲೇ ಕೂಡ್ಲಿ, ಲಗ್ನ ಯಾವ ದಿನಾನೇ ಬರ್ಲಿ, ಹಾಲ್ ನಿಮ್ದು, ಟಬ್ ನಮ್ದು. ಅದಲಾ ಬದಲಿ." ಅವರು ಅದನ್ನು ಸಹಜವಾಗಿಯೇ ಹೇಳಿದರು. ನನಗೆ ಗೊತ್ತಿಲ್ಲದ ವಿಷಯ ಹೇಳುತ್ತಿದ್ದೇನೆ ಎಂದು ಅವರಿಗೆ ಹೊಳೆಯುವಂತಿರಲಿಲ್ಲ.

ನೀರು ಮೇಲೇರುತ್ತಿತ್ತು. ನಾನು ಜಾಹೀರಾತು ಬರೆದದ್ದು ಸಂಕ್ರಾಂತಿಯ ನಂತರ. ಮೀನಿನವನೊಂದಿಗೆ, ಗುತ್ತಿಗೆದಾರನೊಂದಿಗೆ, ತಂದೆಗೆ ಮಂಡಿನೋವು ಎಂದವರೊಂದಿಗೆ ಮಾತಾಡಿದ್ದು ಅದರ ಮೇಲೆ. ಅಷ್ಟೂ ದಿನ ಟಬ್ ಮಾರಿಹೋಗಿತ್ತು. ಗುಂಡಿ ಒತ್ತಿದೆ. ಗುಳುಗುಳು ಎಂದಿತು. ಹೆಂಗಸರು ಚಪ್ಪಾಳೆ ತಟ್ಟಿದರು.

ಅವ್ವ ಮತ್ತು ತಂಗಿ ನೀರಿಗೆ ಇಳಿದರು. ಹಳದಿ ಸೀರೆಗಳು ಗಾಳಿ ತುಂಬಿಕೊಂಡು ಉಬ್ಬಿದವು. ಅರಿಸಿಣ ಹಚ್ಚುವ ಹಾಡು ಶುರುವಾಯಿತು. ನಾನು ಎದ್ದು ಹಿಂದೆ ಸರಿಯುತ್ತಿದ್ದೆ, ಆಗ ಹುಡುಗನ ಆ ಅತ್ತೆ ನನ್ನ ರಟ್ಟೆ ಹಿಡಿದರು.

"ಏ, ಈಕಿನ್ನೂ ಕೂಡಸ್ರಿ ಅಲ್ಲಿ! ಜ್ವಾಡಿಗಿ ಒಬ್ಬಾಕಿ ಬೇಕಲ್ಲ. ಪಾಪ, ಈಕಿ ಮೊಣಕಾಲ ಸಲುವಾಗೇ ತಂದಿದ್ದಂತಲ್ಲ ಇದನ್ನ. ಬಿಸಿನೀರಾಗ ಕುಂತ್ರ ಹಿತ ಅನಸ್ತದ ಕೂಸಿಗಿ."

ಹಾಡು ನಿಂತಿತು. ನಿಲ್ಲಿಸಬೇಕೆಂದು ಯಾರೂ ನಿಲ್ಲಿಸಲಿಲ್ಲ. ಎಲ್ಲರೂ ನನ್ನ ಮೊಣಕಾಲು ನೋಡಿದರು, ಅಷ್ಟರಲ್ಲಿ ನಿಂತುಹೋಯಿತು.

"ನಿಮಗ ಯಾರ ಹೇಳಿದ್ರು?" ಎಂದೆ. ನನ್ನ ದನಿ ಸರಿಯಾಗಿಯೇ ಇತ್ತು.

"ನಿಮ್ಮವ್ವನೇ ಹೇಳಿದ್ಲು, ಮೊದಲನೇ ಸರ್ತಿ ಕುಂತು ಮಾತಾಡಿದಾಗೇ. ದೊಡ್ಡಾಕಿ ಇರ್ಬೇಕಾದ್ರ ಸಣ್ಣಾಕಿದು ಯಾಕ ಮಾಡ್ತೀರಿ ಅಂತ ನಾ ಕೇಳ್ದೆ. ದೊಡ್ಡಾಕಿಗಿ ಹಿಂಗ ಅದ, ಮುಂಜಾನಿ ಏಳಾಕ ಬರಂಗಿಲ್ಲ, ಒಂದೊಂದ್ ದಿನ ನೀರಾಗ ಕುಂತು ಅಳ್ತಾಳ ಅಂತ ತಾನೂ ಅಳ್ಕೋತ ಹೇಳಿದ್ಲು. ಮುಚ್ಚಿಡ್ಲಿಲ್ಲ ನೋಡು, ಖರೇ ಮಾತಿನ ಮಂದಿ ಅಂತ ನಾವು ಅವತ್ತೇ ಹ್ಞೂಂ ಅಂದ್ವಿ."

ಅವರು ನನ್ನ ಬೆನ್ನು ಸವರುತ್ತಿದ್ದರು. ಆ ಹೆಂಗಸಿನ ಮೇಲೆ ನನಗೆ ಆಗಲೂ ಸಿಟ್ಟು ಬರಲಿಲ್ಲ, ಈಗಲೂ ಇಲ್ಲ. ಅವ್ವನ ಕಡೆ ನೋಡಿದೆ. ಅವಳ ಕೆನ್ನೆಯ ಅರಿಸಿಣದ ಮೇಲೆ ನೀರ ಹನಿಗಳಿದ್ದವು. ತಂಗಿ ನೀರನ್ನೇ ನೋಡುತ್ತಿದ್ದಳು. ಇಬ್ಬರಲ್ಲಿ ಯಾರಿಗೂ ಆಶ್ಚರ್ಯವಾಗಿರಲಿಲ್ಲ.

ಬೇಡ ಎಂದು ಒಳಗೆ ಹೋಗಿದ್ದರೆ ಲಗ್ನದ ಮನೆಯಲ್ಲಿ ಅದೇ ಮಾತಾಗುತ್ತಿತ್ತು. ಸೀರೆಯ ನಿರಿಗೆ ಎತ್ತಿಕೊಂಡು ಇಳಿದೆ. ನೂಲು ದಾಟುವಾಗ ಅತ್ತೆಯವರು ಕೈ ಹಿಡಿದುಕೊಂಡರು. ಅವ್ವನ ಎದುರು ಕೂತೆ. ಯಾರೋ ತಲೆಗೆ ಎಣ್ಣೆ ಒತ್ತಿದರು, ಹಾಡು ಮತ್ತೆ ಶುರುವಾಯಿತು. ಎಷ್ಟೋ ವಾರಗಳ ಮೇಲೆ ಆ ಬಿಸಿ ಕುತ್ತಿಗೆಯವರೆಗೆ ಬಂತು. ಬೆರಳುಗಳು ಬಿಚ್ಚಿಕೊಂಡವು. ಮೊಣಕಾಲು ಎಂದಿನಂತೆ, ಏನೂ ನಡೆದೇ ಇಲ್ಲವೆಂಬಂತೆ ಸಡಿಲವಾದವು. ನನ್ನ ಮೈ ಅಷ್ಟು ಬೇಗ ಸುಖಪಟ್ಟಿದ್ದನ್ನು ನಾನು ಕ್ಷಮಿಸಲು ಬಹಳ ದಿನ ಹಿಡಿಯಿತು. ನೀರಿನ ಅಡಿಯಲ್ಲಿ ಅವ್ವನ ಕೈ ನನ್ನ ಪಾದ ಮುಟ್ಟಿತು. ಕಾಲು ಮಡಚಿಕೊಂಡೆ. ಮಡಚಲು ಬಂತು.

ಸೀರೆ ಬದಲಿಸುವ ಕೋಣೆಯಲ್ಲಿ ನಾವಿಬ್ಬರೇ ಆದೆವು. ಅವ್ವ ಒದ್ದೆ ಸೆರಗು ಹಿಂಡುತ್ತಿದ್ದಳು.

"ಏನ್ ಹೇಳ್ಬೇಕಿತ್ತು ನಾ?" ಎಂದು ಅವಳೇ ಶುರು ಮಾಡಿದಳು. "ದೊಡ್ಡಾಕಿ ಯಾಕ ಉಳ್ದಾಳ ಅಂತ ಕೇಳಿದ್ರ ಸುಮ್ ಕೂಡ್ಲಾ? ಸುಮ್ ಕುಂತ್ರ ಮಂದಿ ಬ್ಯಾರೇನೇ ತಿಳ್ಕೋತಾರ. ಹುಡುಗಿ ಓದಾಕ ಹಾಸ್ಟೆಲ್‌ನಾಗ ಇದ್ಲು, ಏನಾಗ್ಯಾದೋ ಅಂತಾರ. ಅದಕಿಂತ ಇದು ಹೇಳೂದು ಚಲೋ ಅನಿಸ್ತು."

"ಅವರಿಗಿ ಗೊತ್ತಾಗಬಾರ್ದಂತಲೇ ಟಬ್ ಮಾರ್ಸಿದಿ."

ಅವಳು ಸೆರಗಿನ ಇನ್ನೊಂದು ತುದಿ ಹಿಂಡತೊಡಗಿದಳು.

"ಫಂಕ್ಷನ್ ಹಾಲ್ ಸಲುವಾಗಿ ಅಂತ ನನಗ ಹೇಳ್ಬೌದಿತ್ತು."

"ಹೇಳಿದ್ರ ಕೊಡ್ತಿದ್ದೇನು?"

ಈ ಪ್ರಶ್ನೆಗೆ ನಾನು ಆಗ ಉತ್ತರ ಕೊಡಲಿಲ್ಲ. ಇಲ್ಲಿ ಕೊಡುತ್ತೇನೆ. ಕೊಡುತ್ತಿರಲಿಲ್ಲ. ಒಂದು ದಿನದ ಲಗ್ನಕ್ಕಾಗಿ ನನ್ನ ಎಲ್ಲ ಬೆಳಗುಗಳನ್ನು ಕೊಡುತ್ತಿರಲಿಲ್ಲ. ಅದು ಅವ್ವನಿಗೆ ಗೊತ್ತಿತ್ತು. ಯಾವುದನ್ನು ಮುಂದಿಟ್ಟರೆ ಕೊಡುತ್ತೇನೆ ಎಂಬುದೂ ಗೊತ್ತಿತ್ತು, ಯಾಕೆಂದರೆ ದಿನಾ ಬೆಳಿಗ್ಗೆ ಟಬ್ಬಿನ ಕಟ್ಟೆಯ ಮೇಲೆ ಕೂತು ಕೇಳಿಸಿಕೊಂಡವಳು ಅವಳು.

"ಮತ್ತ ನನ್ನ ಕೈಲೆ ಜಾಹೀರಾತು ಯಾಕ ಬರ್ಸಿದಿ?"

"ನೀನ ಮಾರ್ದಂಗ ಇರ್ಲಿ ಅಂತ," ಎಂದಳು ಅವ್ವ. ಅದನ್ನು ಹೇಳುವಾಗ ಅವಳ ದನಿಯಲ್ಲಿ ಉಪಕಾರ ಮಾಡಿದವರ ನೋವು ಇತ್ತು. ನನಗೆ ಸಮಾಧಾನವಾಗಲಿ ಎಂದೇ ಮಾಡಿದ್ದಳು. ಆಮೇಲೆ ಹೊರಗೆ ಯಾರೋ ಕರೆದರು, ಮುಖ ಒರೆಸಿಕೊಂಡು ನಗುತ್ತ ಹೋದಳು.

ಲಗ್ನ ಚೆನ್ನಾಗಿ ಆಯಿತು. ತಂಗಿ ಆ ಮನೆಯಲ್ಲಿ ಸುಖವಾಗಿದ್ದಾಳೆ. ಅಪ್ಪ ಹಿಂದಿನ ಕೋಣೆಯಲ್ಲಿ ಸಿಮೆಂಟಿನ ತೊಟ್ಟಿಯೊಂದನ್ನು ಕಟ್ಟಲು ಇಟ್ಟಿಗೆ ತರಿಸಿದ. ಬೇಡ ಎಂದೆ. ಅವನು ಯಾಕೆಂದು ಕೇಳಲಿಲ್ಲ. ಇಟ್ಟಿಗೆಗಳು ಕಾಂಪೌಂಡಿನ ಪಕ್ಕ ಹಾಗೇ ಇವೆ.

ನಾನು ಶಹಾಪುರದಲ್ಲಿ ಕಾಲೇಜಿನ ಹಿಂದಿನ ಓಣಿಯಲ್ಲಿ ಒಂದು ಕೋಣೆ ಹಿಡಿದೆ. ಬಸ್ಸು ಹತ್ತುವುದಿಲ್ಲ, ನಡೆದೇ ಹೋಗಬಹುದು. ಪ್ರಿನ್ಸಿಪಾಲರ ಮುಂದೆ ನಿಂತು ಕಾಯಿಲೆಯ ಹೆಸರನ್ನು ಪೂರ್ತಿಯಾಗಿ ಹೇಳಿದೆ. ಯಾದಗಿರಿಯ ಬೀಗರ ಮನೆಯವರೆಲ್ಲ ಬಲ್ಲದ್ದನ್ನು ಇವರಿಂದ ಮುಚ್ಚಿಡುವುದರಲ್ಲಿ ಅರ್ಥವಿರಲಿಲ್ಲ. ಅವರು ನನ್ನ ಪಿರಿಯಡ್ಡುಗಳನ್ನು ಮಧ್ಯಾಹ್ನಕ್ಕೆ ಹಾಕಿಸಿದರು. ದನಿ ಸ್ವಲ್ಪ ಬದಲಾಯಿತು, ನಾನು ಅಂದುಕೊಂಡಷ್ಟಲ್ಲ. ಇದನ್ನು ಬರೆಯಲು ಸಾಧ್ಯವಾದದ್ದೂ ಹಾಗೆಯೇ. ಬಚ್ಚಿಟ್ಟು ಕಾಯುವುದಕ್ಕೆ ಈಗ ಏನೂ ಉಳಿದಿಲ್ಲ.

ಕೋಣೆಯಲ್ಲಿ ಒಂದು ದೊಡ್ಡ ಪ್ಲಾಸ್ಟಿಕ್ ಟಬ್ ಇಟ್ಟುಕೊಂಡಿದ್ದೇನೆ, ಬಟ್ಟೆ ನೆನೆಹಾಕುವಂಥದ್ದು. ಮೊಣಕಾಲಿನವರೆಗೆ ನೀರು ಬರುತ್ತದೆ. ಬೆಳಿಗ್ಗೆ ಅದರಲ್ಲಿ ಕಾಲಿಟ್ಟು ಕೂತಿದ್ದಾಗ ಅವ್ವ ಫೋನ್ ಮಾಡುತ್ತಾಳೆ. ಅದೇ ಹೊತ್ತಿಗೆ, ಒಂದು ದಿನವೂ ತಪ್ಪಿಸದೆ.

"ಇವತ್ತ ಹ್ಯಾಂಗದ?" ಎಂದು ಕೇಳುತ್ತಾಳೆ.

ಕೆಲವು ದಿನ ಬಲಗೈಯಲ್ಲಿ ಫೋನ್ ಹಿಡಿಯಲು ಬರುವುದಿಲ್ಲ, ಸ್ಪೀಕರ್ ಹಾಕಿ ನೆಲದ ಮೇಲೆ ಇಟ್ಟಿರುತ್ತೇನೆ. ಅವಳು ಆ ಕಡೆ ಕಾಯುತ್ತಿರುತ್ತಾಳೆ. ಹೇಳುವುದು ಬಹಳವಿರುತ್ತದೆ.

"ಚಲೋ ಅದೀನಿ," ಎನ್ನುತ್ತೇನೆ.